ಬಳೆ ಹಿಂದಕ್ಕೆ ಸರಿಸುವ ಕೈ

ಹೋದ ವರ್ಷ ಹುಣಸೂರಿನ ಬಸ್ ನಿಲ್ದಾಣದಲ್ಲಿ ಒಬ್ಬಳು ಹೆಣ್ಣುಮಗಳು ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡು ನನ್ನೆದುರು ಬಂದು ನಿಂತಳು. "ಮಿಸ್, ಗುರುತು ಸಿಕ್ಕಿತಾ?" ಎಂದಳು. ಮುಖ ನೆನಪಿಗೆ ಬಂತು, ಹೆಸರು ಬರಲಿಲ್ಲ. ಅವಳೇ ಹೇಳಿದಳು. ಹದಿನೆಂಟು ವರ್ಷದ ಹಿಂದೆ ನನ್ನ ಆರನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ. ಬಸ್ ಬರುವವರೆಗೆ ಅದೂ ಇದೂ ಮಾತನಾಡಿದೆವು. ನಡುವೆ ಅವಳು, ಮನಸ್ಸಿನಲ್ಲಿ ಯಾವ ಕಹಿಯೂ ಇಲ್ಲದೆ, ಹಿಂದಿನ ಯಾವುದೋ ವರ್ಷದ ಮಳೆಯನ್ನು ನೆನೆಸಿಕೊಳ್ಳುವಂತೆ ಹೇಳಿದಳು: "ನೀವು ಬಳೆ ಹಿಂದಕ್ಕೆ ಸರಿಸಿದರೆ ಸಾಕು, ಈಗ ಹೊಡೆಯುತ್ತಾರೆ ಎಂದು ನಮಗೆಲ್ಲ ಗೊತ್ತಾಗಿಬಿಡುತ್ತಿತ್ತು ಮಿಸ್. ನಾವು ನಿಮ್ಮ ಮುಖ ನೋಡುತ್ತಲೇ ಇರಲಿಲ್ಲ, ಬಳೆ ನೋಡುತ್ತಿದ್ದೆವು."

ಅವಳ ಬಸ್ ಬಂತು, ಹತ್ತಿ ಹೊರಟಳು. ನಾನು ಅಲ್ಲೇ ನಿಂತು ನನ್ನ ಬಲಗೈಯನ್ನು ನೋಡಿಕೊಂಡೆ. ನಾಲ್ಕು ಗಾಜಿನ ಬಳೆ. ಇಪ್ಪತ್ತೈದು ವರ್ಷ ಪಾಠ ಮಾಡಿದ ನನಗೆ ನನ್ನದೇ ಕೈಯ ಈ ಅಭ್ಯಾಸ ಗೊತ್ತಿರಲಿಲ್ಲ. ನಲವತ್ತು ಮಕ್ಕಳಿಗೆ ಗೊತ್ತಿತ್ತು.

ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಕರಿಹಲಗೆಯ ಮೇಲಂಚಿನಲ್ಲಿ ನುಡಿಮುತ್ತು ಬರೆಯುವ ಕೆಲಸ ನನ್ನದಾಗಿತ್ತು. ದುಂಡನೆಯ ಅಕ್ಷರದಲ್ಲಿ ತಾಳ್ಮೆಯ ಬಗ್ಗೆ, ಸಹನೆಯ ಬಗ್ಗೆ, ಸಿಟ್ಟು ಹೇಗೆ ಮನುಷ್ಯನನ್ನು ಸುಡುತ್ತದೆ ಎನ್ನುವುದರ ಬಗ್ಗೆ ಬರೆಯುತ್ತಿದ್ದೆ. ಮಕ್ಕಳು ಗಟ್ಟಿಯಾಗಿ ಓದುತ್ತಿದ್ದರು, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದೇ ಸಾಲಿನ ಕೆಳಗೆ ನಿಂತು ನಾನು ಬಳೆ ಸರಿಸುತ್ತಿದ್ದೆ. ಬೋರ್ಡಿನ ಮೇಲಿದ್ದುದು ಮಾರನೆಯ ದಿನ ಅಳಿಸಿಹೋಗುತ್ತಿತ್ತು. ಬಳೆ ಹದಿನೆಂಟು ವರ್ಷ ಉಳಿದಿತ್ತು.

ನಡತೆಯನ್ನು ಮಾತಿನಿಂದ ಕಲಿಸಬಹುದೆಂದು ನಾವು ನಂಬಿರುವುದು ನನಗೆ ಈಗ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ನಮ್ಮ ಭಾಷೆ ಹಾಗೆ ನಂಬಿಲ್ಲ. ನಡತೆ ಎನ್ನುವ ಪದದಲ್ಲೇ ನಡೆಯುವ ಕಾಲಿದೆ. ಕನ್ನಡದಲ್ಲಿ ಒಬ್ಬರ ಗುಣ ಹೇಳಲು ಹೊರಟರೆ ಮೈಯನ್ನು ಬಿಟ್ಟು ಮಾತು ಮುಂದೆ ಹೋಗುವುದಿಲ್ಲ. ಧೈರ್ಯವಂತನಿಗೆ ಎದೆಗಾರಿಕೆ, ಸೋಮಾರಿಗೆ ಮೈಗಳ್ಳತನ, ಪ್ರಾಮಾಣಿಕನ ಕೈ ಶುದ್ಧ, ಉದಾರಿಯದು ಬಿಚ್ಚುಗೈ, ಅಸೂಯೆಗೆ ಹೊಟ್ಟೆಕಿಚ್ಚು, ಜತೆ ಕೊಡುವವನು ಬೆನ್ನಿಗೆ ನಿಲ್ಲುತ್ತಾನೆ, ಕನಿಕರಪಡುವವರ ಕರುಳು ಚುರ್ ಎನ್ನುತ್ತದೆ. ಈ ಮಾತುಗಳನ್ನು ಕಟ್ಟಿದ ಹಿರಿಯರಿಗೆ ಗುಣ ಎಲ್ಲಿ ಹುಟ್ಟುತ್ತದೆ, ಎಲ್ಲಿ ವಾಸವಾಗಿರುತ್ತದೆ ಎನ್ನುವುದು ತಿಳಿದಿತ್ತು. ನಾವು ಅದನ್ನು ಕತ್ತಿನಿಂದ ಮೇಲಕ್ಕೆ ಎತ್ತಿ, 'ಮೌಲ್ಯ ಶಿಕ್ಷಣ' ಎಂದು ಹೆಸರಿಟ್ಟು, ವಾರಕ್ಕೊಂದು ಅವಧಿ ಕೊಟ್ಟೆವು.

ನನ್ನ ಕಣ್ಣು ತೆರೆದದ್ದು ಒಳ್ಳೆಯ ರೀತಿಯಲ್ಲಿ ಅಲ್ಲ. ಅದನ್ನು ಹೇಳದೆ ಮುಂದಿನದನ್ನು ಹೇಳುವ ಹಕ್ಕು ನನಗಿಲ್ಲ.

ಅದು 2004ರ ಆಗಸ್ಟ್. ಹುಣಸೂರು, ಪಿರಿಯಾಪಟ್ಟಣದ ಕಡೆ ಆ ತಿಂಗಳು ಹೊಗೆಸೊಪ್ಪಿನ ತಿಂಗಳು. ಬೆಳಗಿನ ಜಾವವೇ ಸೊಪ್ಪು ಮುರಿಯುತ್ತಾರೆ, ಕಡ್ಡಿಗೆ ಕಟ್ಟುತ್ತಾರೆ, ಸೊಪ್ಪು ಒಣಗಿಸುವ ಬ್ಯಾರನ್ ತುಂಬುತ್ತಾರೆ. ಊರಿಗೆ ಊರೇ ಆ ಕೆಲಸದಲ್ಲಿರುವಾಗ ಮಕ್ಕಳ ಕೈ ಸುಮ್ಮನಿರುವುದಿಲ್ಲ. ಶಾಲೆಗೆ ಬರುವವರ ಬೆರಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿರುತ್ತಿತ್ತು, ಸೋಪು ಹಾಕಿದರೂ ಬಿಡುತ್ತಿರಲಿಲ್ಲ. ಐದನೇ ತರಗತಿಯ ಒಬ್ಬ ಹುಡುಗ ಮೂರು ದಿನದಿಂದ ತಡವಾಗಿ ಬರುತ್ತಿದ್ದ, ಮನೆಗೆಲಸ ಬರೆದಿರಲಿಲ್ಲ. ಐವತ್ತು ಬಸ್ಕಿ ಎಂದೆ. ಅವನು ಎರಡು ಕಿವಿ ಹಿಡಿದು ಶುರುಮಾಡಿದ. ನಾನು ಬೇರೆಯವರ ಲೆಕ್ಕ ತಿದ್ದುತ್ತಿದ್ದೆ. ಮೂವತ್ತು ದಾಟಿರಬೇಕು, ಎಣಿಸುತ್ತಿದ್ದ ಮಕ್ಕಳ ದನಿ ನಿಂತಿತು. ತಲೆ ಎತ್ತಿ ನೋಡಿದರೆ ಅವನು ಗೋಡೆಗೆ ಕೈಯೂರಿ ವಾಂತಿ ಮಾಡಿಕೊಳ್ಳುತ್ತಿದ್ದ. ತುಟಿ ಬಿಳಿಚಿಕೊಂಡಿತ್ತು.

ಮುಖ ತೊಳೆಸಿ, ಜಗುಲಿಯ ಮೇಲೆ ಮಲಗಿಸಿ, ನೀರು ಕುಡಿಸಿದೆ. ನಾಲ್ಕು ಗಂಟೆಗೇ ಎದ್ದು ಒದ್ದೆ ಸೊಪ್ಪು ಕಟ್ಟಿ ಬಂದಿದ್ದನಂತೆ. ಹೊಟ್ಟೆ ತೊಳೆಸುತ್ತಿದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. "ಬೆಳಿಗ್ಗೆಯಿಂದ ಹಾಗೇ ಇತ್ತು ಮಿಸ್. ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡೆ" ಎಂದ. ಒದ್ದೆ ತಂಬಾಕಿನ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ, ತಲೆಸುತ್ತು ವಾಕರಿಕೆ ಬರುತ್ತದೆ ಎನ್ನುವುದನ್ನು ನಮ್ಮ ಊರಿಗೆ ಬರುತ್ತಿದ್ದ ಆರೋಗ್ಯ ಸಹಾಯಕಿ ಆಮೇಲೆ ನನಗೆ ಹೇಳಿದರು. ಅಂದರೆ ಆ ಹುಡುಗನ ಮೈ ಬೆಳಗಿನಿಂದ ಕೂಗಿ ಹೇಳುತ್ತಿತ್ತು. ಕೇಳಿಸಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನಾನಂತೂ ಕೇಳಿಸಿಕೊಳ್ಳದಿರುವುದನ್ನೇ ಕಲಿಸುತ್ತಿದ್ದೆ.

ಆ ರಾತ್ರಿ ನನ್ನ ತಾತ ನೆನಪಾದರು. ಅಮ್ಮನ ತಂದೆ, ಮೈಸೂರಿನವರು, ಹರೆಯದಲ್ಲಿ ಗರಡಿಗೆ ಹೋಗುತ್ತಿದ್ದವರು. ಬಸ್ಕಿ ಎನ್ನುವ ಪದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಅದೊಂದು ಹೆಮ್ಮೆಯ ಪದವಾಗಿತ್ತು. ದಂಡ ಹೊಡೆದೆವು, ಬಸ್ಕಿ ಹೊಡೆದೆವು, ಕರ್ಲಕಟ್ಟೆ ತಿರುಗಿಸಿದೆವು ಎಂದು ಎಪ್ಪತ್ತರ ವಯಸ್ಸಿನಲ್ಲೂ ತೊಡೆ ತಟ್ಟಿ ಹೇಳುತ್ತಿದ್ದರು. ಅರಿಶಿನ, ಕರ್ಪೂರ ಸೇರಿಸಿ ಹದಮಾಡಿದ ಕೆಂಪು ಮಣ್ಣಿನ ಮಟ್ಟಿಗೆ ಇಳಿಯುವ ಮೊದಲು ಬಗ್ಗಿ ಮಣ್ಣು ಮುಟ್ಟಿ ಹಣೆಗಿಟ್ಟುಕೊಳ್ಳುತ್ತಿದ್ದರಂತೆ. ಉಸ್ತಾದರು ಹೊಸಬರಿಗೆ ಮೊದಲು ಕಲಿಸುತ್ತಿದ್ದುದು ಪಟ್ಟು ಹಾಕುವುದನ್ನಲ್ಲ, ಬೀಳುವುದನ್ನು. "ಎದುರಾಳಿಯನ್ನು ಎತ್ತಿದಾಗ ಅವನ ಕುತ್ತಿಗೆ ನಿನ್ನ ಕೈಯಲ್ಲಿರುತ್ತದೆ ಮಗಳೇ, ಅದು ನೆಲಕ್ಕೆ ಬಡಿಯದಂತೆ ನೋಡಿಕೊಳ್ಳುವುದೂ ನಿನ್ನ ಕೆಲಸವೇ" ಎನ್ನುತ್ತಿದ್ದರು. ದಸರೆಯ ಕುಸ್ತಿಗೆ ಇಂದಿಗೂ ಮೈಸೂರಿನಲ್ಲಿ ಮೊದಲೇ ಜೋಡಿ ಕಟ್ಟುತ್ತಾರೆ, ಸಮಬಲರನ್ನು ನೋಡಿ. ಬಲಶಾಲಿ ಬಡಕಲನ ಮೇಲೆ ಗೆದ್ದರೆ ಅದಕ್ಕೆ ಮರ್ಯಾದೆಯಿಲ್ಲ.

ಗರಡಿಯಲ್ಲಿ ಮೈಯನ್ನು ಬೆಳೆಸುತ್ತಿದ್ದ ಅದೇ ಬಸ್ಕಿ ಶಾಲೆಯ ಬಾಗಿಲು ದಾಟಿದ ಕೂಡಲೇ ಮೈಯನ್ನು ಅವಮಾನಿಸುವ ಸಾಧನವಾಯಿತು. ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಕಿವಿ ಹಿಂಡುವುದು, ಅದಕ್ಕೂ ಹಿಂದೆ ಕೂಲಿಮಠಗಳ ಕೋದಂಡ. ಲೆಕ್ಕ ತಪ್ಪಿದ್ದು ತಲೆ, ಪೆಟ್ಟು ತಿಂದದ್ದು ಅಂಗೈ. ಶಾಲೆಯಲ್ಲಿ ಮಗುವಿನ ಮೈ ಲೆಕ್ಕಕ್ಕೆ ಬರುತ್ತಿದ್ದುದು ಶಿಕ್ಷೆಯ ಹೊತ್ತಿನಲ್ಲಿ ಮಾತ್ರ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬಹಳ ಒಳ್ಳೆಯದಾಯಿತು. ಆದರೆ ಕೋಲು ಕೆಳಗಿಟ್ಟ ಮೇಲೆ ಮಗುವಿನ ಮೈಯೊಡನೆ ಬೇರೆ ಯಾವ ಸಂಬಂಧ ಇಟ್ಟುಕೊಳ್ಳಬೇಕೆಂದು ನಮಗೆ ತೋಚಲಿಲ್ಲ. ಹೊಡೆಯುವುದನ್ನು ಬಿಟ್ಟೆವು, ಮೈಯನ್ನೂ ಬಿಟ್ಟೆವು.

ನಾನು ಶುರುಮಾಡಿದ್ದು ಪಾದದಿಂದ. ಯಾವ ತರಬೇತಿಯೂ ಇರಲಿಲ್ಲ, ಹೊಳೆದಂತೆ ಮಾಡಿದೆ. ನಮ್ಮ ಹಳೆಯ ಕೊಠಡಿಯ ನೆಲ ಕಲ್ಲುಚಪ್ಪಡಿಯದು. ಬೆಳಿಗ್ಗೆ ಹಾಜರಿಗೆ ಮುಂಚೆ ಎಲ್ಲರೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಲ್ಲುವುದು. "ಪಾದದ ಯಾವ ಭಾಗ ನೆಲ ಮುಟ್ಟಿದೆ? ಯಾವ ಭಾಗ ಮುಟ್ಟಿಲ್ಲ?" ಇಷ್ಟೇ ಪ್ರಶ್ನೆ. ಮೊದಲ ದಿನ ಕಿಸಿಕಿಸಿ ನಗು. ಎರಡನೇ ವಾರದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಹಿಮ್ಮಡಿ ತಣ್ಣಗಿದೆ, ಕಿರುಬೆರಳು ಮುಟ್ಟಿಲ್ಲ, ಎಡಗಾಲಿನ ಮೇಲೇ ಭಾರವಿದೆ. ಒಬ್ಬ ಹುಡುಗಿ ತಾನು ಯಾವಾಗಲೂ ಒಂದೇ ಭುಜಕ್ಕೆ ಚೀಲ ನೇತುಹಾಕುವುದರಿಂದ ಹೀಗಾಗಿದೆ ಎಂದು ತಾನೇ ಕಂಡುಹಿಡಿದು ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಲು ಶುರುಮಾಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂರು ಎಂದು ನಾನು ನೂರು ಸಲ ಹೇಳಿದ್ದರೂ ಆಗದಿದ್ದ ಕೆಲಸ ಅದು.

ಕಣ್ಣು ಮುಚ್ಚಿದ್ದರೂ ನಮ್ಮ ಕೈ ಎಲ್ಲಿದೆ, ಕಾಲು ಹೇಗಿದೆ ಎಂದು ನಮಗೆ ತಿಳಿಯುತ್ತದಲ್ಲ, ಕತ್ತಲಲ್ಲೂ ತುತ್ತು ನೇರವಾಗಿ ಬಾಯಿಗೇ ಹೋಗುತ್ತದಲ್ಲ, ಅದೂ ಒಂದು ಇಂದ್ರಿಯವೇ. ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಅದಕ್ಕೊಂದು ಶಾಸ್ತ್ರೀಯ ಹೆಸರು ಕೊಟ್ಟರು. ಸ್ನಾಯುಗಳ ಒಳಗೆ ಕದಿರಿನ ಆಕಾರದ ಅತಿ ಸಣ್ಣ ಸಂವೇದಕಗಳಿವೆ, ಸ್ನಾಯು ಎಷ್ಟು ಎಳೆದುಕೊಂಡಿದೆ ಎಂಬ ಸುದ್ದಿಯನ್ನು ಅವು ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಹಸಿವು, ಬಾಯಾರಿಕೆ, ಎದೆಬಡಿತ, ಉಸಿರು ಇವುಗಳ ಸುದ್ದಿ ತರುವ ಒಳದಾರಿಗಳು ಬೇರೆಯೇ ಇವೆ. ಐದು ಜ್ಞಾನೇಂದ್ರಿಯಗಳು ಎಂದು ನಾವು ಮೂರನೇ ತರಗತಿಯಲ್ಲಿ ಚಿತ್ರ ಬರೆಸುತ್ತೇವೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಒಳಗಿನ ಸುದ್ದಿ ತರುವವಕ್ಕೆ ಆ ಚಿತ್ರದಲ್ಲಿ ಜಾಗವಿಲ್ಲ.

ಇನ್ನೊಂದು ಆಟ ಮಾಡಿಸುತ್ತೇನೆ. ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟವನ್ನು ಹಿಡಿದು ಧ್ವಜಸ್ತಂಭದಿಂದ ಬೇವಿನ ಮರದವರೆಗೆ ಚೆಲ್ಲದೆ ನಡೆಯುವುದು, ಅಲ್ಲಿ ನಿಂತವರಿಗೆ ಲೋಟ ದಾಟಿಸುವುದು. ಗೆರೆಯ ಮೇಲೆ ಮಕ್ಕಳನ್ನು ನಡೆಸುವುದು, ಸದ್ದಿಲ್ಲದೆ ಕೂರಿಸಿ ಪಿಸುಮಾತಿನಲ್ಲಿ ಒಬ್ಬೊಬ್ಬರ ಹೆಸರು ಕರೆಯುವುದು ಇವನ್ನೆಲ್ಲ ಮಾರಿಯಾ ಮಾಂಟೆಸರಿ ಬಹಳ ಹಿಂದೆಯೇ ಮಾಡಿಸುತ್ತಿದ್ದರು. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ನಮ್ಮ ದೇಶದಲ್ಲೇ ಕಳೆದವರು. ಅವರ ಹೆಸರಿನ ಶಾಲೆಗಳು ಇಂದು ಊರಿಗೆ ಹತ್ತಿವೆ, ಸಿರಿವಂತರ ಮಕ್ಕಳಿಗಿವೆ. ಲೋಟ ನೀರಿಗೆ ಖರ್ಚಿಲ್ಲ ಎಂದು ನಾನು ನಮ್ಮ ಶಿಕ್ಷಕರ ಸಭೆಗಳಲ್ಲಿ ಹೇಳುತ್ತಲೇ ಇರುತ್ತೇನೆ.

ಆ ಆಟದಲ್ಲಿ ನಾನು ಕಾಯುವುದು ಲೋಟ ದಾಟಿಸುವ ಕ್ಷಣಕ್ಕೆ. ಕೊಡುವವಳು ಬಿಟ್ಟುಬಿಡುವುದಕ್ಕೆ ಮುಂಚೆ ತೆಗೆದುಕೊಳ್ಳುವವನ ಹಿಡಿತ ಬಿಗಿಯಾಯಿತೇ ಎಂದು ಅವಳ ಬೆರಳಿಗೆ ತಿಳಿಯಬೇಕು. ಒಂದು ಅರೆಗಳಿಗೆ ಇಬ್ಬರ ಕೈಯೂ ಲೋಟದ ಮೇಲಿರುತ್ತದೆ, ಇಬ್ಬರೂ ಉಸಿರು ಹಿಡಿದಿರುತ್ತಾರೆ. ಇನ್ನೊಬ್ಬರನ್ನು ಗಮನಿಸು ಎಂದು ಎಷ್ಟು ಪುಟ ಬರೆಸಿದರೂ ಆ ಅರೆಗಳಿಗೆಯಷ್ಟು ಕಲಿಸಲಾರೆ.

ಏಳನೇ ತರಗತಿಯ ವಿಜ್ಞಾನದಲ್ಲಿ ನಾಡಿ ಎಣಿಸುವ ಪಾಠ ಬರುತ್ತದೆ. ಮೊದಲೆಲ್ಲ ಅದನ್ನು ಅರ್ಧ ಅವಧಿಯಲ್ಲಿ ಮುಗಿಸುತ್ತಿದ್ದೆ, ಈಗ ವಾರವಿಡೀ ಮಾಡುತ್ತೇನೆ. ಆ ವಯಸ್ಸಿನವರಿಗೆ ಸುಮ್ಮನೆ ಕೂತಿರುವಾಗ ನಿಮಿಷಕ್ಕೆ ಸುಮಾರು 70ರಿಂದ 110ರವರೆಗೆ ಬಡಿತವಿರುತ್ತದೆ. ಕೂತಾಗ ಎಷ್ಟು, ಖೋ ಖೋ ಆಡಿ ಬಂದಾಗ ಎಷ್ಟು, ಎಷ್ಟು ಹೊತ್ತಿಗೆ ಮತ್ತೆ ಇಳಿಯಿತು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಒಮ್ಮೆ ಒಬ್ಬ ಹುಡುಗ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದ್ದ. 'ಗಟ್ಟಿಯಾಗಿ ಓದು ಎಂದಾಗ: 124.' ಅವನು ಕೂತಲ್ಲೇ ಇದ್ದ, ಓಡಿರಲಿಲ್ಲ. ಅದುವರೆಗೆ ಅವನು ಓದಲು ಎದ್ದಾಗ ತಡವರಿಸುತ್ತಿದ್ದುದನ್ನು ಅಭ್ಯಾಸ ಸಾಲದು ಎಂದು ನಾನು ತಿಳಿದಿದ್ದೆ. ಆ ಅಂಕಿಯನ್ನು ಬೋರ್ಡಿನ ಮೇಲೆ ಬರೆದು, ಬೇರೆ ಯಾರಿಗೆ ಹೀಗಾಗುತ್ತದೆ ಎಂದು ಕೇಳಿದೆ. ಇಪ್ಪತ್ತೆರಡು ಕೈ ಮೇಲೆದ್ದವು. ಆ ಹುಡುಗ ಹಿಂತಿರುಗಿ ಆ ಕೈಗಳನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬಾಯಾರಿಕೆಯ ವಿಷಯವನ್ನೂ ಹೇಳಬೇಕು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಶುರುವಾಯಿತು, ಅದೇ ವರ್ಷ ನಮ್ಮ ರಾಜ್ಯದಲ್ಲೂ ವಾಟರ್ ಬೆಲ್ ಸುತ್ತೋಲೆ ಬಂತು. ಗಂಟೆ ಬಾರಿಸಿದೆವು. ಗಂಡುಮಕ್ಕಳು ಕುಡಿದರು, ಹಿರಿಯ ತರಗತಿಯ ಹೆಣ್ಣುಮಕ್ಕಳು ಬಾಟಲಿಯನ್ನು ತುಟಿಗೆ ತಾಗಿಸಿ ಕೆಳಗಿಟ್ಟರು. ಕಾರಣ ಕೇಳಲು ನನಗೆ ಎರಡು ದಿನ ಬೇಕಾಯಿತು, ಹೇಳಲು ಅವರಿಗೆ ನಾಲ್ಕು ದಿನ. ಶೌಚಾಲಯದ ಚಿಲಕ ಮುರಿದಿತ್ತು, ಒಳಗೆ ನೀರು ಬರುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಐದರವರೆಗೆ ಹೋಗದಿರುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ತಿಂಗಳ ಆ ದಿನಗಳಲ್ಲಂತೂ ಶಾಲೆಗೇ ಬರುತ್ತಿರಲಿಲ್ಲ. ದಾಹವನ್ನೂ ಒತ್ತಡವನ್ನೂ ನೋವನ್ನೂ ಹೊರಗೆ ಕಾಣದಂತೆ ತಡೆದುಕೊಳ್ಳುವ ವಿದ್ಯೆಯಲ್ಲಿ ಹನ್ನೆರಡು ವಯಸ್ಸಿಗೇ ಅವರು ಪಳಗಿದ್ದರು. ಅದನ್ನೇ ನಾವು ಸಹನೆ, ಹೆಣ್ಣುಮಕ್ಕಳಿಗೆ ತಕ್ಕ ಗುಣ ಎಂದು ಹೊಗಳುತ್ತೇವೆ. ಚಿಲಕ ಹಾಕಿಸಿದೆವು, ಪಂಚಾಯಿತಿಯ ಬೆನ್ನುಬಿದ್ದು ನಲ್ಲಿ ಸರಿಮಾಡಿಸಿದೆವು. ಆ ವರ್ಷ ನಾನು ಮಾಡಿದ ಅತ್ಯುತ್ತಮ ಪಾಠ ಆ ಚಿಲಕವೇ ಎಂದು ನನಗೆ ಅನಿಸುತ್ತದೆ.

ಇದಕ್ಕೆ ಸೇರಿದಂತೆಯೇ ಇನ್ನೊಂದಿದೆ, ಬರೆಯಲು ಕಷ್ಟವಾದರೂ ಬರೆಯಲೇಬೇಕಾದದ್ದು. ದೊಡ್ಡವರು ಹೇಳಿದಂತೆ ಕೇಳಬೇಕು ಎನ್ನುವುದನ್ನು ಒಳ್ಳೆಯ ನಡತೆಯ ಮೊದಲ ಪಾಠವಾಗಿ ನಾವು ಕಲಿಸುತ್ತೇವೆ. ಯಾರೋ ಒಬ್ಬ ದೊಡ್ಡವನು ಮುಟ್ಟಬಾರದಂತೆ ಮುಟ್ಟಿದಾಗ ಮಗುವಿನ ಮೈ ಬೇಡ ಎನ್ನುತ್ತದೆ, ಹೊಟ್ಟೆ ಹಿಂಡುತ್ತದೆ, ಮೈ ಮುದುಡುತ್ತದೆ. ಕಲಿತ ಪಾಠ ಮಾತ್ರ, ಸುಮ್ಮನಿರು, ದೊಡ್ಡವರು, ಎನ್ನುತ್ತದೆ. 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ, 1098ರ ಸಹಾಯವಾಣಿಯ ಸಂಖ್ಯೆ ಶಾಲೆಯ ಗೋಡೆಯ ಮೇಲಿದೆ. ಆದರೆ ಆ ಸಂಖ್ಯೆ ಒತ್ತುವುದಕ್ಕೆ ಮುಂಚೆ ಮಗುವಿಗೆ ತನ್ನ ಮೈಯ ಮಾತಿನ ಮೇಲೆ ನಂಬಿಕೆ ಇರಬೇಕು. ತನ್ನ ಅಂಗಗಳಿಗೆ ನಾಚಿಕೆಯಿಲ್ಲದೆ ಹೇಳಬಲ್ಲ ಹೆಸರು ಗೊತ್ತಿರಬೇಕು. ಬೈಗುಳದ ಪದ, ಇಲ್ಲವೇ ಪಠ್ಯಪುಸ್ತಕದ ಸಂಸ್ಕೃತ ಪದ, ಎರಡರ ನಡುವೆ ಮಗು ಅಮ್ಮನ ಹತ್ತಿರ ಹೇಳಬಹುದಾದ ಒಂದು ಸಾದಾ ಮಾತು ಸಿಗದೆ ಎಷ್ಟು ಮಕ್ಕಳು ಬಾಯಿ ಮುಚ್ಚಿಕೊಂಡಿದ್ದಾರೋ. ಈಗ ನಾನು ತಲೆ ಸವರುವುದಕ್ಕೂ ಮುಂಚೆ ಕೇಳುತ್ತೇನೆ. ಬೇಡ ಎಂದು ಹೇಳಿದ ಮಗುವಿಗೆ, ಹೇಳಿದ್ದು ಒಳ್ಳೆಯದಾಯಿತು ಎನ್ನುತ್ತೇನೆ.

ಮೈಯನ್ನು ಪಳಗಿಸಿದರೆ ನಡತೆ ತಾನಾಗಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಮೈಗೆ ಏನು ಕಲಿಸುತ್ತೇವೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಜಾತಿಯನ್ನು ನಮ್ಮ ಊರುಗಳಲ್ಲಿ ಯಾರೂ ಪುಸ್ತಕ ಇಟ್ಟುಕೊಂಡು ಕಲಿಸಿಲ್ಲ. ಲೋಟವನ್ನು ಎತ್ತಿ ಕುಡಿಯುವುದು, ನೀರನ್ನು ಮೇಲಿನಿಂದ ಹೊಯ್ಯುವುದು, ಯಾರ ಕೈಯಿಂದ ತೆಗೆದುಕೊಳ್ಳುವಾಗ ಬೆರಳು ತಾಗಬಾರದು, ಯಾರ ಜಗುಲಿಯಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದೆಲ್ಲ ಮೂರು ನಾಲ್ಕು ವರ್ಷಕ್ಕೇ ಮೈಗೆ ಬಂದಿರುತ್ತದೆ. ಯಾಕೆ ಎಂದು ಕೇಳುವ ವಯಸ್ಸು ಬರುವ ಮೊದಲೇ ಕೈ ಹಿಂದೆ ಸರಿಯುವುದನ್ನು ಕಲಿತಿರುತ್ತದೆ. 2003ರ ಹೊತ್ತಿಗೆ ನಮ್ಮ ಕಡೆಗೂ ಅಕ್ಷರ ದಾಸೋಹದ ಬಿಸಿಯೂಟ ಬಂದಾಗ ನಾನು ಅದನ್ನು ಹತ್ತಿರದಿಂದ ಕಂಡೆ. ನಾವೆಲ್ಲ ಸಮಾನರು ಎಂದು ಬೆಳಿಗ್ಗೆ ಒಂದೇ ದನಿಯಲ್ಲಿ ಹೇಳಿದ್ದ ಮಕ್ಕಳು ಊಟದ ಸಾಲಿನಲ್ಲಿ ತಮಗೆ ಗೊತ್ತಿಲ್ಲದಂತೆಯೇ ಬೇರೆ ಬೇರೆಯಾಗಿ ಕೂರುತ್ತಿದ್ದರು.

ಮೈಯಿಂದ ಕಲಿತದ್ದನ್ನು ಮೈಯಿಂದಲೇ ಬಿಡಿಸಬೇಕಾಯಿತು. ಬಡಿಸುವ ಕೆಲಸವನ್ನು ಮಕ್ಕಳಿಗೆ ಸರದಿಯ ಮೇಲೆ ಕೊಟ್ಟೆವು. ದಿನಕ್ಕೆ ನಾಲ್ವರು, ಚೀಟಿ ಎತ್ತಿ. ಬಡಿಸುವವರು ಬಗ್ಗಿ, ಕೂತವರ ಮುಖ ನೋಡಿ, ಸಾಕೇ ಎಂದು ಕೇಳಿ ಸಾಂಬಾರು ಹಾಕಬೇಕು, ಮೇಲಿನಿಂದ ಸುರಿಯುವಂತಿಲ್ಲ. ಸೌಟು ತಟ್ಟೆಯ ಹತ್ತಿರ ಬರಬೇಕು. ಕೂರುವುದು ದಿನಕ್ಕೊಂದು ಕ್ರಮದಲ್ಲಿ. ಒಂದು ದಿನ ಎತ್ತರದ ಪ್ರಕಾರ, ಒಂದು ದಿನ ಹುಟ್ಟಿದ ತಿಂಗಳ ಪ್ರಕಾರ. ಊರಿನ ಇಬ್ಬರು ಹಿರಿಯರು ಬಂದು ವಿಚಾರಿಸಿದರು. ಹೆಡ್ ಮೇಷ್ಟ್ರು ಅವರನ್ನೂ ಅದೇ ಸಾಲಿನಲ್ಲಿ ಊಟಕ್ಕೆ ಕೂರಿಸಿದರು. ಒಬ್ಬರು ಕೂತರು, ಇನ್ನೊಬ್ಬರು ಕೆಲಸವಿದೆ ಎಂದು ಹೋದರು. ಇದರಿಂದ ಊರು ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆ ಮನೆಗೆ ಹೋದ ಕೈ ಮತ್ತೆ ಹಳೆಯ ದಾರಿ ಹಿಡಿಯುತ್ತದೆ. ಆದರೆ ಏಳು ವರ್ಷ ದಿನಕ್ಕೊಮ್ಮೆ ಇನ್ನೊಂದು ದಾರಿಯಲ್ಲಿ ನಡೆದ ಕೈಗೆ ಎರಡು ದಾರಿ ಗೊತ್ತಿರುತ್ತದೆ.

ಯೋಗದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಿದೆಯಲ್ಲ ಎನ್ನುತ್ತಾರೆ. ಇದೆ. ಮೈಸೂರಿನವಳಾಗಿ ನನಗೆ ಅದರ ಹೆಮ್ಮೆಯೂ ಇದೆ. ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು, ಹುಡುಗರಿಗೆ ಕಲಿಸಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಕಾಯಿಲೆಗಳಲ್ಲೇ ಬಾಲ್ಯ ಕಳೆದ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಅಕ್ಕನ ಗಂಡನಾದ ಅದೇ ಗುರುವಿನ ಬಳಿ ಬಂದರು. ಮುಂದೆ ಅವರು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆ ಕೊಟ್ಟು, ಬಗ್ಗಲಾರದವರೂ ಮುದುಕರೂ ತಮ್ಮ ಮೈಗೆ ಒಗ್ಗುವಷ್ಟು ಮಾಡಬಹುದೆಂದು ತೋರಿಸಿದರು. ನನಗೆ ಅವರ ಕೆಲಸದಲ್ಲಿ ಬಹಳ ದೊಡ್ಡದೆನಿಸುವುದು ಇದೇ. 2015ರಿಂದ ಜೂನ್ 21ರಂದು ನಾವೂ ಶಾಲೆಯ ಅಂಗಳದಲ್ಲಿ ಯೋಗ ದಿನ ಮಾಡುತ್ತೇವೆ. ಆ ದಿನ ಮಕ್ಕಳನ್ನು ಗಮನಿಸಿ. ಪ್ರತಿಯೊಬ್ಬರ ಕಣ್ಣೂ ಪಕ್ಕದವರ ಮೇಲಿರುತ್ತದೆ. ಕೈ ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಹೊರಗೆ ಹುಡುಕುತ್ತಾರೆ, ಏಕೆಂದರೆ ಫೋಟೊದಲ್ಲಿ ಎಲ್ಲರ ಕೈಯೂ ಒಂದೇ ಎತ್ತರದಲ್ಲಿರಬೇಕು. ಪೋಲಿಯೊದಿಂದ ಕಾಲು ಸೊರಗಿದ್ದ ಒಬ್ಬ ಹುಡುಗನನ್ನು ಸಾಲು ಕೆಡುತ್ತದೆಂದು ಹಿಂದೆ ಕೂರಿಸಿದ್ದನ್ನು ನಾನು ಒಂದು ಕಡೆ ಕಂಡಿದ್ದೇನೆ. ಅವನಿಗೊಂದು ಕುರ್ಚಿ ಕೊಟ್ಟಿದ್ದರೆ ಅಯ್ಯಂಗಾರರಿಗೆ ಸಲ್ಲಿಸಬಹುದಾದ ಗೌರವ ಅದೇ ಆಗುತ್ತಿತ್ತು.

ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಇದೆ. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ನಮ್ಮ ಸಾಮಾನ್ಯ ಶಿಕ್ಷಕರೇ ಅದನ್ನು ಕಟ್ಟಿದವರು. ಒಂದರಿಂದ ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಏಳುತ್ತಾರೆ, ಕಲಿಕಾ ಏಣಿ ನೋಡಿ ತಮ್ಮ ಕಾರ್ಡನ್ನು ತಾವೇ ತರುತ್ತಾರೆ, ಹಾಡುತ್ತಾ ಕುಣಿಯುತ್ತಾ ಅಕ್ಷರ ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಸಾಲು, ಕೈಕಟ್ಟಿ ಬಾಯಿಮುಚ್ಚು. ಜೂನ್ ತಿಂಗಳಲ್ಲಿ ನಾಲ್ಕನೇ ತರಗತಿಗೆ ಹೋಗಿ ನೋಡಿದರೆ ನನಗೆ ಸಂಕಟವಾಗುತ್ತದೆ. ಒಂಬತ್ತು ವರ್ಷದ ಕಾಲುಗಳು ಬೆಂಚಿನಡಿ ಆಡುತ್ತಲೇ ಇರುತ್ತವೆ, ಮೇಷ್ಟ್ರು ಆಡಬೇಡ ಎನ್ನುತ್ತಲೇ ಇರುತ್ತಾರೆ.

ನನ್ನ ತರಗತಿಯಲ್ಲಿ ಜಗಳ ನಿಂತಿದೆ ಎಂದೇನೂ ಇಲ್ಲ. ವಾರಕ್ಕೆ ಎರಡಾದರೂ ಆಗುತ್ತವೆ. ಮೊದಲು ಇಬ್ಬರನ್ನೂ ನಿಲ್ಲಿಸಿ, ಯಾರು ಶುರುಮಾಡಿದ್ದು ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಒಂದು ಸಲವೂ ಸಿಕ್ಕಿಲ್ಲ. ಈಗ ಬೇರೆ ಪ್ರಶ್ನೆ ಕೇಳುತ್ತೇನೆ. "ಸಿಟ್ಟು ಈಗ ಮೈಯಲ್ಲಿ ಎಲ್ಲಿದೆ?" ಮೊದಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಹುಡುಕುತ್ತಾರೆ. ಕಿವಿಯಲ್ಲಿದೆ ಮಿಸ್, ಬಿಸಿಯಾಗಿದೆ. ಹಲ್ಲಿನಲ್ಲಿದೆ. ಇಲ್ಲಿ, ಗಂಟಲ ಕೆಳಗೆ. ಒಬ್ಬ ಹುಡುಗ ತನ್ನ ಮುಷ್ಟಿಯನ್ನು ತಾನೇ ದಿಟ್ಟಿಸಿ ನೋಡಿ, ಹೆಬ್ಬೆರಳಿನಲ್ಲಿದೆ ಎಂದ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಬಿಗಿಹಿಡಿದಿದ್ದ, ಉಗುರು ಬೆಳ್ಳಗಾಗಿತ್ತು. ಅದನ್ನು ನೋಡುತ್ತಾ ನೋಡುತ್ತಾ ಅವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡಿತು. ನಾನು ಬಿಡು ಎಂದು ಹೇಳಿರಲಿಲ್ಲ. ಅದಾದ ಕೆಲವು ತಿಂಗಳ ಮೇಲೆ ಆಟದ ಬಯಲಿನಲ್ಲಿ ಅವನ ಗೋಲಿಯನ್ನು ಯಾರೋ ಕಸಿದರು. ಅವನು ಕೈ ಎತ್ತಿದವನು ತನ್ನ ಹೆಬ್ಬೆರಳನ್ನೊಮ್ಮೆ ನೋಡಿ, ಕೈ ಇಳಿಸಿ, ಬಾಯಲ್ಲಿ ಚೆನ್ನಾಗಿ ಬೈದ. ಬೈದದ್ದನ್ನು ನಾನು ಕೇಳಿಸಿಕೊಳ್ಳದವಳಂತೆ ಇದ್ದುಬಿಟ್ಟೆ.

ಮೊನ್ನೆ ಬುಧವಾರ, ಮಧ್ಯಾಹ್ನದ ಕೊನೆಯ ಅವಧಿ. ಹೊರಗೆ ಮಳೆ, ಕೊಠಡಿಯೊಳಗೆ ಸೆಕೆ. ಬೆಳಿಗ್ಗೆಯಿಂದ ಕಚೇರಿಗೆ ಕಳಿಸಬೇಕಾದ ಮಾಹಿತಿಗಾಗಿ ಮೊಬೈಲ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಭಿನ್ನರಾಶಿ ಮೂರನೇ ಸಲ ಹೇಳಿಕೊಡುತ್ತಿದ್ದೆ, ಹಿಂದಿನ ಬೆಂಚಿನಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟೆ. ಇದ್ದಕ್ಕಿದ್ದಂತೆ ಕೊಠಡಿ ಸ್ತಬ್ಧವಾಯಿತು. ನೋಡಿದರೆ ನನ್ನ ಎಡಗೈ ಬಲಗೈಯ ಮೇಲಿತ್ತು, ಬಳೆಗಳು ಅರ್ಧ ಮುಂಗೈವರೆಗೆ ಏರಿದ್ದವು. ನಾನು ಯಾರನ್ನೂ ಹೊಡೆದು ಹದಿನೈದು ವರ್ಷವಾಗಿರಬೇಕು. ಈ ಮಕ್ಕಳು ಆಗ ಹುಟ್ಟಿರಲೂ ಇಲ್ಲ.

ನಾನು ಅಲುಗಾಡಲಿಲ್ಲ. ಮೊದಲ ಸಾಲಿನ ಒಬ್ಬಳು, ಎರಡು ಜಡೆಯ ಸಣ್ಣ ಹುಡುಗಿ, ನನ್ನ ಕೈಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು.

"ಎಲ್ಲಿದೆ ಮಿಸ್?"

ಹುಡುಕಿದೆ. "ಮಣಿಕಟ್ಟಿನಲ್ಲಿ" ಎಂದೆ. ಬಳೆಗಳನ್ನು ಕೆಳಕ್ಕೆ ಬಿಟ್ಟೆ, ಅವು ಸದ್ದು ಮಾಡುತ್ತಾ ಮಣಿಕಟ್ಟಿಗೆ ಇಳಿದವು. ಅವಳು ತಲೆಯಾಡಿಸಿ ತನ್ನ ಲೆಕ್ಕಕ್ಕೆ ಮರಳಿದಳು.